ಚಿತ್ರದ ಹಿಂದಿನ ಕೈಗಳು



ಕುದಾಪುರದ ಬಯಲುಸೀಮೆಯವರಾದ ನಿಮಗೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಹೊಸದಲ್ಲ. ಅಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಮಾತು ಚಕ್ರವರ್ತಿಯದು, ಆದರೆ ಶಾಸನದ ಕೊನೆಗೆ ಚಪಡನೆಂಬ ಲಿಪಿಕಾರನ ಹೆಸರಿದೆ. ಹೇಳಿದವನೊಬ್ಬ, ಬರೆದವನೊಬ್ಬ ಎಂಬುದಕ್ಕೆ ಆ ಬಂಡೆಯೇ ಸಾಕ್ಷಿ. ಹಳೆಯ ಅಚ್ಚುಚಿತ್ರಗಳನ್ನು ನೋಡುವಾಗಲೂ ನಾವು ಇದೇ ಪ್ರಶ್ನೆ ಕೇಳಬೇಕು: ಕಂಡವರು ಯಾರು, ಕೊರೆದವರು ಯಾರು?

ಅಚ್ಚುಚಿತ್ರಗಳಲ್ಲಿ ಎಚ್ಚಿಂಗ್ ಎಂಬುದು ಒಂದು ಬಗೆ. ಇದರ ಹಿಂದೆ ಸರಳವಾದ ರಸಾಯನಶಾಸ್ತ್ರವಿದೆ. ತಾಮ್ರದ ತಗಡಿಗೆ ಮೇಣದ ಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ಗೆರೆ ಎಳೆಯುತ್ತಾರೆ. ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಇಟ್ಟಾಗ, ಮೇಣ ಸರಿದ ಕಡೆ ಮಾತ್ರ ತಾಮ್ರ ಕರಗಿ ತೋಡಾಗುತ್ತದೆ. ಆ ತೋಡಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವನ್ನಿಟ್ಟು ಬಲವಾಗಿ ಒತ್ತಿದರೆ ಚಿತ್ರ ಮೂಡುತ್ತದೆ. ಗೆರೆಯ ಬದಲು ರಾಳದ ಪುಡಿ ಉದುರಿಸಿ, ನೆರಳಿನ ಛಾಯೆಗಳನ್ನು ತರುವ ವಿಧಾನಕ್ಕೆ ಅಕ್ವಾಟಿಂಟ್ ಎಂದು ಹೆಸರು.

ಒಬ್ಬರ ರೇಖಾಚಿತ್ರವನ್ನು ಇನ್ನೊಬ್ಬರು ತಗಡಿಗೆ ಇಳಿಸುವುದು ಹಿಂದೆ ಸಾಮಾನ್ಯವಾಗಿತ್ತು. 1519ರಲ್ಲಿ ತೀರಿಕೊಂಡ ಲಿಯೊನಾರ್ಡೊ ಡ ವಿಂಚಿಯ ರೇಖಾಚಿತ್ರಗಳನ್ನು, 1607ರಲ್ಲಿ ಹುಟ್ಟಿದ ವೆನ್ಸೆಸ್ಲಾಸ್ ಹೊಲ್ಲಾರ್ ಎಚ್ಚಿಂಗ್ ಮಾಡಿದ.

ನಮ್ಮ ನಾಡಿನ ಚಿತ್ರಗಳಿಗೂ ಹೀಗೆಯೇ ಆಯಿತು. ಕಾರ್ನ್‌ವಾಲಿಸನ ಸೈನ್ಯ 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ಆ ಯುದ್ಧದಲ್ಲಿದ್ದ ಫಿರಂಗಿ ದಳದ ಅಧಿಕಾರಿ ಜೇಮ್ಸ್ ಹಂಟರ್ ಕೋಟೆಯ ಬಾಗಿಲು, ಅರಮನೆ, ಬೀದಿಗಳನ್ನು ಚಿತ್ರಿಸಿದ. 1792ರಲ್ಲಿ ಅವನು ತೀರಿಕೊಂಡ. ಅವನ 40 ಚಿತ್ರಗಳ ಅಕ್ವಾಟಿಂಟ್‌ಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದದ್ದು 1805ರಲ್ಲಿ. ತಗಡು ಕೊರೆದವರಲ್ಲಿ ಎಚ್. ಮರ್ಕೆ ಪ್ರಮುಖ. ಬಾಗಿಲಿನ ನೆರಳಲ್ಲಿ ಏನಿತ್ತು, ದೂರದ ಮರ ಯಾವುದು ಎಂದು ಅನುಮಾನ ಬಂದರೆ ಕೇಳಲು ಹಂಟರ್ ಆಗ ಬದುಕಿರಲಿಲ್ಲ. ಅಚ್ಚಾದ ಮೇಲೆ ಕೈಯಿಂದ ಬಣ್ಣ ತುಂಬಿದವರು ಬೇರೆ.

ಇನ್ನೊಂದು ಸಂಗತಿ. ತಗಡಿನ ಚಿತ್ರ ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬೀಳುತ್ತದೆ. ಆದ್ದರಿಂದ ಕೊರೆಯುವವನು ಮೊದಲೇ ಚಿತ್ರವನ್ನು ತಿರುಗಿಸಿಕೊಳ್ಳಬೇಕು. ಮರೆತರೆ ಎಡದ ಬುರುಜು ಬಲಕ್ಕೆ ಹೋಗುತ್ತದೆ. ಬಲಗೈಯ ಕತ್ತಿ ಎಡಗೈಗೆ ಬರುತ್ತದೆ.

ಹಾಗಾದರೆ ಇವುಗಳನ್ನು ನಂಬಬಾರದೇ? ಹಾಗಲ್ಲ. ಛಾಯಾಗ್ರಹಣ ಜಗತ್ತಿಗೆ ಪರಿಚಯವಾದದ್ದು 1839ರಲ್ಲಿ. ಅದಕ್ಕೂ ಹಿಂದಿನ ಬೆಂಗಳೂರನ್ನು ಕಾಣಲು ಇಂಥ ಚಿತ್ರಗಳು ನಮಗೆ ಅಮೂಲ್ಯ. ಆದರೆ ಇವು ಗೆದ್ದ ಸೈನ್ಯದವನೊಬ್ಬ ಕಂಡ ನೋಟ, ಇನ್ನೊಬ್ಬ ಕೊರೆದ ಗೆರೆ. ಸಾಕ್ಷಿಯನ್ನು ಒಪ್ಪುವ ಮೊದಲು ವಿಚಾರಿಸುವುದು ವಿಜ್ಞಾನಕ್ಕೂ ಚರಿತ್ರೆಗೂ ಸಮಾನವಾದ ಧರ್ಮ. ಹಂಟರ್ ಚಿತ್ರಿಸಿದ ದೆಹಲಿ ಬಾಗಿಲು ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಇಂದಿಗೂ ನಿಂತಿದೆ. ಬೆಂಗಳೂರಿಗೆ ಹೋದಾಗ ಚಿತ್ರವನ್ನು ಕೈಯಲ್ಲಿ ಹಿಡಿದು ಹೋಲಿಸಿ ನೋಡಬಹುದು.

ಪಠ್ಯಪುಸ್ತಕದಲ್ಲಿ ಹಳೆಯ ಅಚ್ಚುಚಿತ್ರ ಕಂಡಾಗ ಅದರ ಕೆಳಅಂಚನ್ನು ಗಮನಿಸಿ. ಸಾಮಾನ್ಯವಾಗಿ ಎಡಮೂಲೆಯಲ್ಲಿ ‘ಡೆಲ್.’ ಎಂದಿರುವುದು ಬರೆದವರ ಹೆಸರಿನ ಜೊತೆ, ಬಲಮೂಲೆಯಲ್ಲಿ ‘ಸ್ಕಲ್ಪ್.’ ಎಂದಿರುವುದು ಕೊರೆದವರ ಹೆಸರಿನ ಜೊತೆ. ಮುದ್ರಿಸುವಾಗ ಆ ಅಂಚನ್ನೇ ಕತ್ತರಿಸಿದ್ದರೆ, ಆ ಹೆಸರುಗಳೇನೆಂದು ನಿಮ್ಮ ಗುರುಗಳನ್ನು ಕೇಳಿ.