ಮೀನಖಂಡದ ನೋವು: ಅಪಧಮನಿಯನ್ನು ಒತ್ತುವ ದ್ರವಚೀಲ



ಕಾಶಿ ಕನ್ನಡಿಗರಿಗೆ ಪರಕೀಯವಾದ ಊರಲ್ಲ. ಇಲ್ಲಿ ಜಂಗಮವಾಡಿ ಮಠವಿದೆ. 1916ರಲ್ಲಿ ಸ್ಥಾಪಿತವಾದ ಇಲ್ಲಿನ ಹಿಂದೂ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿಗಳು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಪ್ರತಿವರ್ಷವೂ ನಮ್ಮ ನಾಡಿನ ಅಸಂಖ್ಯ ಯಾತ್ರಿಕರು ಇಲ್ಲಿನ ಘಾಟುಗಳ ಮೆಟ್ಟಿಲುಗಳನ್ನು ಇಳಿದು ಹತ್ತುತ್ತಾರೆ. ಆ ಮೆಟ್ಟಿಲುಗಳ ಮೇಲೆಯೇ ಕೆಲವರಿಗೆ ಮೊದಲು ಅರಿವಿಗೆ ಬರಬಹುದಾದ ಒಂದು ವ್ಯಾಧಿಯನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಹತ್ತುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ತುಸು ನಿಂತರೆ ನೋವು ಇಳಿಯುತ್ತದೆ. ಮತ್ತೆ ನಡೆದರೆ ಮರಳುತ್ತದೆ. ಇದು ಸ್ನಾಯುಗಳಿಗೆ ರಕ್ತ ಸಾಲದೆಂಬುದರ ಸೂಚನೆಯಾಗಿರಬಹುದು. ಸಾಮಾನ್ಯವಾಗಿ ತಂಬಾಕು ಸೇವನೆ, ಮಧುಮೇಹ ಮೊದಲಾದವುಗಳಿಂದ ಅಪಧಮನಿಯ ಒಳಗೆ ಕೊಬ್ಬು ಕಟ್ಟುವುದೇ ಇದಕ್ಕೆ ಕಾರಣ. ಆದರೆ ಇಂತಹ ಯಾವ ದೋಷವೂ ಇಲ್ಲದ ಮಧ್ಯವಯಸ್ಕರಲ್ಲಿ, ಒಂದೇ ಕಾಲಿನಲ್ಲಿ ಈ ನೋವು ಹಠಾತ್ತಾಗಿ ತೋರಿದರೆ ಬೇರೆ ಕಾರಣವನ್ನೂ ಹುಡುಕಬೇಕು.

ಅಪಧಮನಿಯ ಹೊರಪದರದಲ್ಲಿ ಲೋಳೆಯಂತಹ ದ್ರವ ತುಂಬಿದ ಚೀಲವೊಂದು ಬೆಳೆದು, ರಕ್ತದ ಹಾದಿಯನ್ನು ಒತ್ತುವುದುಂಟು. ವೈದ್ಯರು ಇದನ್ನು ಸಿಸ್ಟ್ ಎನ್ನುತ್ತಾರೆ. ವಿರಳವಾದ ಈ ವ್ಯಾಧಿಯನ್ನು ಮೊದಲು ವರ್ಣಿಸಿದ್ದು 1947ರಲ್ಲಿ. ಇದು ಹೆಚ್ಚಾಗಿ ಮಂಡಿಯ ಹಿಂಭಾಗದ ಅಪಧಮನಿಯಲ್ಲಿ, ಅದರಲ್ಲಿಯೂ ನಲವತ್ತರ ಆಸುಪಾಸಿನ ಪುರುಷರಲ್ಲಿ ಕಂಡುಬರುತ್ತದೆ. ಕೀಲಿನ ದ್ರವವೇ ಸೂಕ್ಷ್ಮ ಮಾರ್ಗದಿಂದ ಅಲ್ಲಿಗೆ ಸೇರುತ್ತದೆಂಬುದು ಒಂದು ಪ್ರಬಲ ಅಭಿಪ್ರಾಯ. ಕಾಲು ಚಾಚಿದಾಗ ಪಾದದಲ್ಲಿ ಸಿಗುವ ನಾಡಿ ಮಂಡಿ ಮಡಿಸಿದಾಗ ಮಾಯವಾಗುವುದು ಒಂದು ಮುಖ್ಯ ಸುಳಿವು. ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಪರೀಕ್ಷೆಗಳಿಂದ ರೋಗವು ಖಚಿತವಾಗುತ್ತದೆ.

ಚಿಕಿತ್ಸೆಯಲ್ಲಿ ಅತ್ಯಂತ ಸರಳವಾದುದು, ಅಲ್ಟ್ರಾಸೌಂಡ್ ಚಿತ್ರವನ್ನು ನೋಡುತ್ತಾ ಸೂಜಿಯಿಂದ ದ್ರವವನ್ನು ಹೀರಿ ತೆಗೆಯುವ ವಿಧಾನ. ದೊಡ್ಡ ಗಾಯವಿಲ್ಲ; ಆ ಭಾಗವನ್ನು ಮಾತ್ರ ಮರಗಟ್ಟಿಸಿದರೆ ಸಾಕು; ನೋವು ಕೂಡಲೇ ಶಮನವಾಗಲೂಬಹುದು. ಆದರೆ ದ್ರವವು ಗಟ್ಟಿಯಾಗಿದ್ದರೆ ಪೂರ್ತಿ ಬರುವುದಿಲ್ಲ. ಚೀಲದ ಪೊರೆ ಉಳಿಯುವುದರಿಂದ ಅದು ಮತ್ತೆ ತುಂಬಿಕೊಳ್ಳುವ ಸಂಭವವೂ ಇದೆ. ಬಲೂನಿನಿಂದ ನಾಳವನ್ನು ಹಿಗ್ಗಿಸುವುದು ಇಲ್ಲಿ ಸಾಮಾನ್ಯವಾಗಿ ಫಲಿಸದು; ಏಕೆಂದರೆ ಅಡ್ಡಿಯಿರುವುದು ನಾಳದ ಒಳಗಲ್ಲ, ಗೋಡೆಯಲ್ಲಿ. ಚೀಲ ಮರುಕಳಿಸಿದರೆ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯಬೇಕಾಗುತ್ತದೆ. ನಾಳವು ಮುಚ್ಚಿಹೋಗಿದ್ದರೆ ಆ ಭಾಗಕ್ಕೆ ರೋಗಿಯದೇ ಅಭಿಧಮನಿಯನ್ನು ಜೋಡಿಸಬೇಕಾಗುತ್ತದೆ.

ಆದ್ದರಿಂದ ‘ಸೂಜಿ ಸಾಕೇ?’ ಎಂದಷ್ಟೇ ಕೇಳಬೇಡಿ. ನಾಳ ತೆರೆದಿದೆಯೇ, ಚೀಲಕ್ಕೂ ಕೀಲಿಗೂ ಸಂಪರ್ಕವಿದೆಯೇ, ಮರುಪರೀಕ್ಷೆ ಎಂದು ಎಂಬುದನ್ನೂ ಕೇಳಿ ತಿಳಿಯಿರಿ. ನೋವು ಹೋಯಿತೆಂದು ಮರುಪರೀಕ್ಷೆಯನ್ನು ತಪ್ಪಿಸಬೇಡಿ.

ಕಡೆಯದಾಗಿ ಒಂದು ಎಚ್ಚರಿಕೆ. ಪಾದವು ಹಠಾತ್ತನೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೆ ಎಣ್ಣೆ ತಿಕ್ಕುತ್ತಾ ಕಾಲಹರಣ ಮಾಡಕೂಡದು. ಕೆಲವೇ ಗಂಟೆಗಳಲ್ಲಿ ಕಾಲಿನ ಅಳಿವು ಉಳಿವು ತೀರ್ಮಾನವಾಗಬಹುದು. ಯಾತ್ರೆಯನ್ನು ಅಲ್ಲಿಯೇ ನಿಲ್ಲಿಸಿ, 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಯನ್ನು ಸೇರುವುದೇ ವಿವೇಕ. ವಿಶ್ವನಾಥನ ದರ್ಶನ ನಾಳೆಯೂ ದೊರೆಯುತ್ತದೆ.