ಕಡಲಡಿಯ ಪಾಠಶಾಲೆ



‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಸುತ್ತುವುದು ಒಂದು ಕೆಲಸ, ಓದುವುದು ಇನ್ನೊಂದು ಎಂಬ ಭಾವನೆ ಅದರಲ್ಲಿದೆ. ಆದರೆ ಸುತ್ತಾಟವೇ ವ್ಯಾಸಂಗವಾಗುವ ಸಂದರ್ಭಗಳೂ ಉಂಟು. ಅಂಥದೊಂದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ. ಬೆನ್ನಿಗೊಂದು ಚೀಲ ಏರಿಸಿಕೊಂಡು, ಕಡಿಮೆ ಖರ್ಚಿನಲ್ಲಿ ಉಷ್ಣವಲಯದ ದ್ವೀಪದಿಂದ ದ್ವೀಪಕ್ಕೆ ಅಲೆಯುವ ತರುಣ ತರುಣಿಯರನ್ನು ನೀವು ಬಲ್ಲಿರಿ. ಈಗ ನಮ್ಮ ಮನೆಗಳ ಮಕ್ಕಳೂ ಅವರಲ್ಲಿ ಸೇರಿದ್ದಾರೆ. ಅವರಲ್ಲಿ ಹಲವರು ಒಂದೆಡೆ ನಾಲ್ಕು ದಿನ ತಂಗಿ, ಕಡಲಿನಡಿಗೆ ಇಳಿದು ಉಸಿರಾಡುವ ವಿದ್ಯೆಯನ್ನು, ಎಂದರೆ ಸ್ಕೂಬಾ ಡೈವಿಂಗನ್ನು ಕಲಿತು ಬರುತ್ತಾರೆ. ಮೇಲ್ನೋಟಕ್ಕೆ ಇದೊಂದು ಮೋಜು. ಒಳಹೊಕ್ಕು ನೋಡಿದರೆ ಮನುಷ್ಯನ ನಡವಳಿಕೆಯನ್ನೇ ತಿದ್ದುವ ಶಿಕ್ಷಣವೆಂದು ನನಗೆ ತೋರಿದೆ.

ಈ ಶಿಕ್ಷಣಕ್ಕೆ ಹೆಸರಾದ ಸ್ಥಳಗಳಲ್ಲಿ ಥಾಯ್ಲೆಂಡ್ ಕೊಲ್ಲಿಯ ಕೋ ತಾವೊ ಒಂದು. ಕೋ ಎಂದರೆ ದ್ವೀಪ, ತಾವೊ ಎಂದರೆ ಆಮೆ. ಅದರ ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರು ಮಾತ್ರ. 1940ರ ದಶಕದಲ್ಲಿ ರಾಜಕೀಯ ಕೈದಿಗಳನ್ನು ಅಲ್ಲಿ ಇರಿಸಿದ್ದರು. ನಮ್ಮ ಅಂಡಮಾನಿನ ನೆನಪಾಗುವುದು ಸಹಜ. ಮುಂದೆ ಕೆಲವು ಕುಟುಂಬಗಳು ತೆಂಗು ಬೆಳೆದು, ಮೀನು ಹಿಡಿದು ಬಾಳಿದವು. 1980ರ ದಶಕದಲ್ಲಿ ಬೆನ್ನುಚೀಲದ ಯಾತ್ರಿಕರು ಬರತೊಡಗಿದರು. ಬ್ಯಾಂಕಾಕಿನಿಂದ ರೈಲಿನಲ್ಲಿ ಚುಂಫೋನ್ ಪಟ್ಟಣಕ್ಕೆ ಬಂದು, ಅಲ್ಲಿಂದ ದೋಣಿ ಹಿಡಿದರೆ ಈ ದ್ವೀಪ. ಒಂದು ಕಾಲಕ್ಕೆ ಬಿಡುಗಡೆಗಾಗಿ ದಿನ ಎಣಿಸುತ್ತಿದ್ದ ನೆಲಕ್ಕೆ ಇಂದು ಜನ ಬಿಡುಗಡೆಯನ್ನು ಅರಸಿ ಬರುತ್ತಾರೆ.

ನೀರಿನಡಿಯ ಮನುಷ್ಯ ಎಂದೊಡನೆ ಕನ್ನಡ ಓದಿದವರಿಗೆ ರನ್ನನ ಗದಾಯುದ್ಧದ ದುರ್ಯೋಧನ ಕಣ್ಣಮುಂದೆ ನಿಲ್ಲುತ್ತಾನೆ. ಅವನು ಜಲಸ್ತಂಭ ಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ್ದ. ಮಂತ್ರ ತಿಳಿಯದ ಬಡವರು ಉಸಿರು ಬಿಗಿಹಿಡಿದು ಮುಳುಗಿದರು. ಮನ್ನಾರ್ ಕೊಲ್ಲಿಯಲ್ಲಿ ಮುತ್ತಿಗಾಗಿ ಶತಮಾನಗಳ ಕಾಲ ಹಾಗೆ ಮುಳುಗಿದವರು ಹೊಟ್ಟೆಪಾಡಿನ ಜನ. ಅವರು ತಂದ ಮುತ್ತು ಅವರ ಕೊರಳಿಗೆ ಬೀಳಲಿಲ್ಲ. ಈ ಸ್ಥಿತಿಯನ್ನು ಬದಲಿಸಿದ್ದು ಒಂದು ಪುಟ್ಟ ಕವಾಟ. 1943ರಲ್ಲಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ, ನೌಕಾದಳದ ಅಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗನ್ಯಾನ್ ಅದನ್ನು ಸಿದ್ಧಪಡಿಸಿದರು. ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ ಮೋಟಾರುಗಳನ್ನು ಅನಿಲದಿಂದ ಓಡಿಸಲೆಂದು ಗನ್ಯಾನ್ ರೂಪಿಸಿದ್ದ ಕವಾಟವೇ ಅದರ ಮೂಲ. ಮುಳುಗಿದವನು ಉಸಿರೆಳೆದಾಗ ಮಾತ್ರ, ಸುತ್ತಲ ನೀರಿನ ಒತ್ತಡಕ್ಕೆ ಸರಿಸಮನಾಗಿ, ಅದು ಗಾಳಿಯನ್ನು ಕೊಡುತ್ತದೆ. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರುವುದು ಬರಿಯ ಆಮ್ಲಜನಕವೆಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. ಕಲಿಯುವವರಿಗೆ ಸಾಮಾನ್ಯವಾಗಿ ಕೊಡುವುದು ನಾವು ಉಸಿರಾಡುವ ಇದೇ ಗಾಳಿ, 200 ಪಟ್ಟು ಒತ್ತಡದಲ್ಲಿ ತುಂಬಿದ್ದು.

ಈ ವಿದ್ಯೆಯ ಮೊದಲ ಸೂತ್ರ ನಮ್ಮವರಿಗೆ ವಿಚಿತ್ರವಾಗಿ ಕೇಳಬಹುದು: ಉಸಿರು ಕಟ್ಟಬೇಡ. ಪೂರಕ, ಕುಂಭಕ, ರೇಚಕಗಳಲ್ಲಿ ಕುಂಭಕವನ್ನೇ ಸಾಧನೆಯೆಂದು ಕೊಂಡಾಡಿದವರು ನಾವು. ಇಲ್ಲಿ ಕುಂಭಕವೇ ಮೃತ್ಯು. ಕಾರಣ ಸರಳವಾದದ್ದು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಕೆಳಗೆ ಶ್ವಾಸಕೋಶದ ತುಂಬ ಗಾಳಿ ಎಳೆದುಕೊಂಡವನು ಹೆದರಿ, ಬಾಯಿ ಬಿಗಿದು ಮೇಲಕ್ಕೆ ಚಿಮ್ಮಿದರೆ ಆ ಗಾಳಿ ಮೇಲ್ಮೈಯಲ್ಲಿ ಎರಡರಷ್ಟಾಗಲು ಹವಣಿಸುತ್ತದೆ. ಶ್ವಾಸಕೋಶ ಹರಿಯುತ್ತದೆ. ಈಜುಕೊಳದಷ್ಟು ಆಳದಲ್ಲಿಯೂ ಈ ಅಪಾಯ ತಪ್ಪಿದ್ದಲ್ಲ. ಹೆದರಿದಾಗ ಉಸಿರು ಹಿಡಿಯುವುದು ಪ್ರಾಣಿಸಹಜ ಗುಣ. ಹೆದರಿದಾಗಲೂ ಉಸಿರು ಬಿಡುತ್ತಿರಬೇಕೆಂಬುದು ಕಲಿತು ಪಡೆಯಬೇಕಾದ ಸಂಸ್ಕಾರ.

ಈ ಸಂಸ್ಕಾರವನ್ನು ಕಲಿಸುವ ಬಗೆ ನನ್ನಂಥ ಮೇಷ್ಟರಿಗೆ ಅತ್ಯಂತ ಕುತೂಹಲದ್ದು. ನಾವು ಜೀವಮಾನವೆಲ್ಲ ಮಾತಿನಿಂದ ಪಾಠ ಹೇಳಿದವರು. ಅಲ್ಲಿ ಮಾತಿಗೆ ಎಡೆಯೇ ಇಲ್ಲ. ಶಾಸ್ತ್ರಭಾಗವನ್ನು ದಡದಲ್ಲಿ ಓದಿ ಮುಗಿಸಿರಬೇಕು. ನೀರಿನಡಿಯಲ್ಲಿ ಗುರು ಮಾಡಿ ತೋರಿಸುತ್ತಾನೆ, ಶಿಷ್ಯ ಅದನ್ನೇ ಮಾಡುತ್ತಾನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೌಕರಿಯಿಂದ ಆರು ತಿಂಗಳ ಬಿಡುವು ಪಡೆದು ಕೋ ತಾವೊಗೆ ಹೋಗಿದ್ದ. ಸೊಂಟಮಟ್ಟದ ನೀರಿನಲ್ಲಿ ಮಂಡಿಯೂರಿ, ಕಣ್ಣಿನ ಮಾಸ್ಕಿನೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು, ಮೂಗಿನಿಂದ ಉಸಿರು ಹೊರಹಾಕಿ ಅದನ್ನು ಖಾಲಿ ಮಾಡುವುದು ಮೊದಲ ದಿನದ ಅಭ್ಯಾಸ. ಅವನು ಎರಡು ಸಲವೂ ಗಾಬರಿಗೊಂಡು ಎದ್ದುನಿಂತ. “ಸಾರ್, ಆಕೆ ಬಯ್ಯಲಿಲ್ಲ, ಅವಸರಪಡಿಸಲೂ ಇಲ್ಲ. ಮತ್ತೆ ಮಂಡಿಯೂರಿ ಕೂತು, ನನ್ನ ಕಣ್ಣನ್ನೇ ನೋಡುತ್ತ, ತನ್ನ ಅಂಗೈಯನ್ನು ಮೆಲ್ಲಗೆ ಎತ್ತಿ ಇಳಿಸಿ ಉಸಿರಿನ ಲಯ ತೋರಿಸಿದರು. ಮೂರನೆಯ ಸಲ ಆಯಿತು” ಎಂದು ಅವನು ಹೇಳಿದ. ಎಷ್ಟು ತರಗತಿಗಳಲ್ಲಿ ಇಷ್ಟು ತಾಳ್ಮೆ ದೊರೆತೀತು!

ಅಲ್ಲಿಯ ಸಂಜ್ಞೆಗಳೂ ಬೇರೆ. ನೆಲದ ಮೇಲೆ ಹೆಬ್ಬೆರಳು ಮೇಲೆತ್ತಿದರೆ ಭೇಷ್ ಎಂದರ್ಥ. ನೀರಿನಲ್ಲಿ ಅದಕ್ಕೆ ‘ಮೇಲಕ್ಕೆ ಹೋಗೋಣ’ ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು ತೋರುಬೆರಳುಗಳನ್ನು ಉಂಗುರದಂತೆ ಕೂಡಿಸಬೇಕು, ನಮ್ಮ ಚಿನ್ಮುದ್ರೆಯಂತೆಯೇ. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ ಇರಲೇಬೇಕು. ಇಳಿಯುವ ಮುನ್ನ ಒಬ್ಬರ ಸಲಕರಣೆಯನ್ನು ಇನ್ನೊಬ್ಬರು ಪರೀಕ್ಷಿಸಬೇಕು. ಒಬ್ಬನ ಗಾಳಿ ಮುಗಿದರೆ ಇನ್ನೊಬ್ಬ ತನ್ನ ಎರಡನೆಯ ಬಾಯಿಕೊಳವೆಯನ್ನು ಕೊಡಬೇಕು. ನಿನ್ನೆ ಪರಿಚಯವಾದ ಪರದೇಶಿಯ ಕೈಯಲ್ಲಿ ಇಂದು ಪ್ರಾಣ. ಒಂಟಿಯಾಗಿ ತಿರುಗುತ್ತೇನೆಂದು ಹೆಮ್ಮೆಪಡುವ ಯಾತ್ರಿಕನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇನ್ನು ಮೇಲೇರುವ ಕ್ರಮ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿರುತ್ತದೆ. ದಿಢೀರನೆ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯೇಳುತ್ತದೆ. ಹಂತಹಂತವಾಗಿ ಮೇಲೇರುವ ಕ್ರಮವನ್ನು ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪ್ರಕಟಿಸಿದರು. ಮೊದಲ ಹಂತದ ಕಲಿಕೆಯವರು ಇಳಿಯಬಹುದಾದ ಆಳ 18 ಮೀಟರ್. ಮೇಲೇರುವಾಗ 5 ಮೀಟರಿನಲ್ಲಿ 3 ನಿಮಿಷ ಸುಮ್ಮನೆ ತೇಲಿ ನಿಲ್ಲುವುದು ರೂಢಿ. ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಇಳಿದಷ್ಟು ಸುಲಭವಾಗಿ ಹಿಂದಿರುಗಲಾಗದು ಎಂಬ ತಿಳಿವಳಿಕೆ ತಾರುಣ್ಯದಲ್ಲಿ ಬಂದರೆ ಒಳ್ಳೆಯದೇ.

ಇಷ್ಟೆಲ್ಲ ಕಲಿತು ಕಾಣುವುದೇನು? ಆಳಕ್ಕೆ ಇಳಿದಂತೆ ಬಣ್ಣಗಳು ಒಂದೊಂದಾಗಿ ಅಳಿಯುತ್ತವೆ. ಮೊದಲು ಹೋಗುವುದು ಕೆಂಪು. ಶಬ್ದ ನೀರಿನಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಬರುವುದರಿಂದ ಯಾವ ದಿಕ್ಕಿನದೆಂದು ತಿಳಿಯದು. ಮಾಸ್ಕಿನ ಗಾಜಿನೊಳಗಿನಿಂದ ಮೀನು ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ನಮ್ಮ ಇಂದ್ರಿಯಗಳು ಆ ಲೋಕಕ್ಕೆ ಹೊರಗಿನವು. ಹೊರಗಿನವಲ್ಲದ ಜನರೂ ಇದ್ದಾರೆ. ಅದೇ ಥಾಯ್ಲೆಂಡಿನ ಇನ್ನೊಂದು ಪಕ್ಕದಲ್ಲಿ, ಅಂಡಮಾನ್ ಸಮುದ್ರದ ಸುರಿನ್ ದ್ವೀಪಗಳಲ್ಲಿ, ಮೋಕೆನ್ ಎಂಬ ಕಡಲಜನರ ಮಕ್ಕಳು ಬರಿಗಣ್ಣಿನಿಂದಲೇ ನೀರಿನಡಿಯ ಚಿಪ್ಪು ಹೆಕ್ಕುತ್ತಾರೆ. ಯುರೋಪಿನ ಮಕ್ಕಳಿಗಿಂತ ಅವರ ದೃಷ್ಟಿ ನೀರಿನಲ್ಲಿ ಎರಡರಷ್ಟು ಚುರುಕೆಂದು ಸ್ವೀಡನ್ನಿನ ಆನಾ ಯಿಸ್ಲೆನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಮರುವರ್ಷದ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಕಡಲು ಹಿಂದೆ ಸರಿದದ್ದರ ಅರ್ಥವನ್ನು ಅವರು ಹಿರಿಯರ ಮಾತಿನಿಂದ ತಿಳಿದು, ದಿಣ್ಣೆ ಹತ್ತಿ ಉಳಿದರು. ನಾಲ್ಕು ದಿನದಲ್ಲಿ ಪ್ರಮಾಣಪತ್ರ ಪಡೆದವನು ಇದನ್ನು ಮನಸ್ಸಿನಲ್ಲಿಟ್ಟರೆ ಗರ್ವ ಬಾರದು.

ಗರ್ವದ ಫಲ ಈ ವಿದ್ಯೆಯ ಚರಿತ್ರೆಯಲ್ಲೇ ಇದೆ. ಕುಸ್ತೊ ತೆಗೆದ ‘ನಿಶ್ಶಬ್ದ ಲೋಕ’ ಎಂಬ ಚಿತ್ರಕ್ಕೆ 1956ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಬಹುಮಾನ ಬಂತು. ಮೀನುಗಳನ್ನು ಎಣಿಸಲೆಂದು ಹವಳದ ದಿಬ್ಬಕ್ಕೆ ಡೈನಮೈಟ್ ಇಡುವ ದೃಶ್ಯ ಆ ಚಿತ್ರದಲ್ಲಿದೆ. ಶಾರ್ಕುಗಳನ್ನು ಹೊಡೆದು ಕೊಲ್ಲುವುದೂ ಇದೆ. ಅದೇ ಕುಸ್ತೊ ಮುಂದೆ ಕಡಲಿನ ರಕ್ಷಣೆಗೆ ದನಿಯೆತ್ತಿದವರಲ್ಲಿ ಪ್ರಮುಖರಾದರು. ಮತ್ತೆ ಮತ್ತೆ ನೋಡಿದ ಕಣ್ಣು ಕೈಯನ್ನು ತಡೆಯಿತು ಎನ್ನಬಹುದು. ಇಂದು ಡೈನಮೈಟ್ ಇಲ್ಲದಿದ್ದರೂ ಸಾವಿರಾರು ಕಾಲುಗಳಿವೆ. ದುಂಡನೆಯ ಹವಳದ ಬಂಡೆ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ದೇಹವನ್ನು ತೂಗಿ ತೇಲಿಸಲು ಬಾರದ ಕಲಿಕೆಯವನ ರಬ್ಬರ್ ಪಾದದ ಒಂದು ಒದೆತ ಹಲವು ವರ್ಷಗಳ ಬೆಳವಣಿಗೆಯನ್ನು ಮುರಿಯಬಲ್ಲದು. ಇದರ ಮೇಲೆ ಕಡಲಿನ ಕಾವು. ನೀರು ಬೇಸಗೆಯ ವಾಡಿಕೆಯ ಮಿತಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ, ಹವಳ ತನಗೆ ಅನ್ನ ಕೊಡುವ ಪಾಚಿಯನ್ನೇ ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ, 2010ರಲ್ಲಿ ಥಾಯ್ಲೆಂಡ್ ಕೊಲ್ಲಿಯಲ್ಲೂ ಅಂಡಮಾನಿನಲ್ಲೂ ಹೀಗಾಯಿತು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಲೋಕವ್ಯಾಪಿಯಾದ ನಾಲ್ಕನೆಯ ಬಿಳಿಚುವಿಕೆಯನ್ನು ಸಾರಿದರು. ನೋಡಲು ಕಲಿತವರ ಸಂಖ್ಯೆ ಏರುತ್ತಿರುವ ಕಾಲದಲ್ಲೇ ನೋಡಬೇಕಾದದ್ದು ಕರಗುತ್ತಿದೆ.

ಇದು ದೂರದೇಶದ ಮಾತಷ್ಟೇ ಅಲ್ಲ. ಹ್ಯಾವ್‌ಲಾಕ್ ಎಂದಿದ್ದು 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಪಡೆದ ಅಂಡಮಾನಿನ ನಡುಗಡ್ಡೆಯಲ್ಲಿ ಈ ಶಾಲೆಗಳಿವೆ. ನಮ್ಮ ಮುರುಡೇಶ್ವರದಿಂದ ದೋಣಿಯಲ್ಲಿ ಹೊರಟರೆ ನೇತ್ರಾಣಿಯ ಸುತ್ತಲೂ ಹವಳವಿದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಅಲ್ಲಿಯೂ ಜನ ಮುಳುಗುತ್ತಾರೆ. ಕೋ ತಾವೊ ಪಟ್ಟ ಪಾಡನ್ನು ಅಲ್ಲಿ ಮೊದಲೇ ಯೋಚಿಸುವುದು ಲೇಸು.

ಕೊನೆಯದಾಗಿ ಹಿರಿಯರಿಗೆ ಒಂದು ಮಾತು. ಮಗನೋ ಮಗಳೋ ಈ ವಿದ್ಯೆ ಕಲಿಯುತ್ತೇನೆಂದರೆ ಹೆದರಿ ಅಡ್ಡಿಪಡಿಸಬೇಡಿ, ವಿಚಾರಿಸಿ. 200 ಮೀಟರ್ ಈಜಲು, ಹತ್ತು ನಿಮಿಷ ತೇಲಲು ಬರುತ್ತದೆಯೇ? ಉಬ್ಬಸ, ಹೃದಯದ ತೊಂದರೆಗಳಿದ್ದರೆ ವೈದ್ಯರ ಅನುಮತಿ ಪಡೆದಾಯಿತೇ? ಒಬ್ಬ ಗುರುವಿಗೆ ಎಷ್ಟು ಮಂದಿ ಶಿಷ್ಯರು? ಅಗ್ಗದ ಶಾಲೆ ಯಾವುದೆಂಬುದು ಆಮೇಲಿನ ಪ್ರಶ್ನೆ. ಅವರು ಮರಳಿ ಬಂದಾಗ ಎಷ್ಟು ದ್ವೀಪ ನೋಡಿದೆ ಎಂದು ಕೇಳುವುದಕ್ಕಿಂತ, ಅಲ್ಲಿ ಏನನ್ನು ಮುಟ್ಟದೆ ಬಂದೆ ಎಂದು ಕೇಳಿ ನೋಡಿ. ಆ ಪ್ರಶ್ನೆಗೆ ಅವರು ಉತ್ಸಾಹದಿಂದ ಉತ್ತರ ಹೇಳತೊಡಗಿದರೆ, ದೇಶವನ್ನು ಸುತ್ತಿದ್ದೂ ಆಯಿತು, ಕೋಶವನ್ನು ಓದಿದ್ದೂ ಆಯಿತು.