ನಾಯಿಮರಿಗೆ ಕೆಮ್ಮು ಬಂದರೆ



ಹೋದ ತಿಂಗಳು ದನದ ಕಾಲುಬಾಯಿ ಜ್ವರದ ವಿಷಯ ಮಾತಾಡಿದೆವು. ಆಗ ಹಿಂದೆ ಕುಳಿತಿದ್ದ ಒಬ್ಬ ಅಕ್ಕ ಕೇಳಿದರು, "ಟೀಚರ್, ನಾಯಿಗೂ ನೆಗಡಿ, ಕೆಮ್ಮು ಬರ್ತದಾ?" ಕೆಲವರು ನಕ್ಕರು. ಆ ಅಕ್ಕ ನಗಲಿಲ್ಲ. ಅವರ ಮನೆಯ ಮರಿ ಕರಿಯ ಆಗಷ್ಟೇ ಸತ್ತಿತ್ತು.

ಕರಿಯನಿಗೆ ನಾಲ್ಕು ತಿಂಗಳು. ಮೊದಲು ಕಣ್ಣಲ್ಲಿ ಗೀಜು ಬಂತು. ಮೂಗಲ್ಲಿ ಗಟ್ಟಿ ಸಿಂಬಳ. ಮೈ ಬಿಸಿ. ಆಮೇಲೆ ಕೆಮ್ಮು. ಮುದ್ದೆ ಹಾಕಿದರೆ ಮೂಸಿಯೂ ನೋಡಲಿಲ್ಲ. ದೃಷ್ಟಿ ಆಗಿದೆ ಅಂತ ನಿವಾಳಿಸಿದರು. ಕಡೆಗೆ ಫಿಟ್ಸ್ ಬಂತು.

"ಸೂಜಿ ಹಾಕ್ಸಿದ್ವಲ್ಲ ಟೀಚರ್, ಆದ್ರೂ ಯಾಕೆ ಸತ್ತೋಯ್ತು?"

ಅವರು ಹಾಕಿಸಿದ್ದು ಹುಚ್ಚುನಾಯಿ ರೋಗದ ಸೂಜಿ. ಅದು ಬೇಕೇ ಬೇಕು. ಆದರೆ ಕೆಮ್ಮಿನ ಕಾಯಿಲೆಯನ್ನು ಅದು ತಡೆಯುವುದಿಲ್ಲ. ಕರಿಯನಿಗೆ ಬಂದದ್ದು ಡಿಸ್ಟೆಂಪರ್ ಇರಬೇಕು ಎಂದು ಪಶುವೈದ್ಯರು ಹೇಳಿದರು. ಅದಕ್ಕೆ ಬೇರೆಯೇ ಸೂಜಿ ಉಂಟು.

ಡಿಸ್ಟೆಂಪರ್ ನಾಯಿಯಿಂದ ನಾಯಿಗೆ ಹರಡುತ್ತದೆ. ಕೆಮ್ಮಿದರೆ, ಸೀನಿದರೆ, ಒಂದೇ ತಟ್ಟೆಯಲ್ಲಿ ತಿಂದರೆ ಬರುತ್ತದೆ. ನಮಗೆ, ಮಕ್ಕಳಿಗೆ ಬರುವುದಿಲ್ಲ. ಬಂದ ಮೇಲೆ ಆ ರೋಗಾಣುವನ್ನು ಕೊಲ್ಲುವ ಔಷಧಿ ಇಲ್ಲ. ಆದ್ದರಿಂದ ಮೊದಲೇ ಸೂಜಿ ಹಾಕಿಸಬೇಕು.

ಮರಿಗೆ 6ರಿಂದ 8 ವಾರ ಆದಾಗ ಮೊದಲ ಸೂಜಿ. ಆಮೇಲೆ 3-4 ವಾರಕ್ಕೊಮ್ಮೆ, ನಾಲ್ಕು ತಿಂಗಳು ತುಂಬುವವರೆಗೆ. ಒಂದು ಸಾಲದೇ ಅಂತೀರಾ? ತಾಯಿಯ ಮೊದಲ ಹಾಲಿನಿಂದ ಮರಿಗೆ ಸ್ವಲ್ಪ ಕಾಲ ರಕ್ಷಣೆ ಇರುತ್ತದೆ. ಅದು ಇರುವಾಗ ಸೂಜಿ ಸರಿಯಾಗಿ ಹಿಡಿಯುವುದಿಲ್ಲ. ಅದು ಯಾವಾಗ ಹೋಗುತ್ತದೋ ನಮಗೆ ಕಾಣದು. ಅದಕ್ಕೇ ಮತ್ತೆ ಮತ್ತೆ ಹಾಕಿಸುವುದು. ಮಗುವಿಗೆ ಪೋಲಿಯೋ ಹನಿ ಒಂದೇ ಸಲ ಹಾಕಿಸಿ ಸುಮ್ಮನಾಗ್ತೀವಾ?

ಸೂಜಿಗಳು ಮುಗಿಯುವ ತನಕ ಮರಿಯನ್ನು ಬೀದಿನಾಯಿಗಳ ಜೊತೆ ಬಿಡಬೇಡಿ. ಕೆಮ್ಮುವ ನಾಯಿಯನ್ನು ಬೇರೆ ಕಟ್ಟಿ. ಅದರ ತಟ್ಟೆ ಬೇರೆ ಇರಲಿ, ಸೋಪು ಹಾಕಿ ತೊಳೆದು ಬಿಸಿಲಿಗಿಡಿ. ಮಲಗುವ ಗೋಣಿಚೀಲ ಒಣಗಿರಲಿ. ಸೌದೆ ಒಲೆಯ ಹತ್ತಿರ ಬೆಚ್ಚಗಿರಲಿ ಅಂತ ಕಟ್ತೀವಿ. ಆ ಹೊಗೆ ನಮ್ಮ ಎದೆಗೂ ಕೆಟ್ಟದ್ದು, ನಾಯಿಗೂ ಕೆಟ್ಟದ್ದು.

ನಮ್ಮ ಜ್ವರದ ಮಾತ್ರೆ ನಾಯಿಗೆ ಕೊಡಬೇಡಿ. ಪ್ಯಾರಾಸಿಟಮಾಲ್ ಅದಕ್ಕೆ ವಿಷವಾಗಬಹುದು.

ಇನ್ನೊಂದು ಮಾತು. ನಾಯಿ ಕೆಮ್ಮುವಾಗ ಗಂಟಲಲ್ಲಿ ಮೂಳೆ ಸಿಕ್ಕ ಹಾಗೆ ಕಾಣುತ್ತದೆ. ತೆಗೆಯೋಣ ಅಂತ ಬಾಯಿಗೆ ಕೈ ಹಾಕಲೇಬೇಡಿ! ಹುಚ್ಚು ಹಿಡಿದ ನಾಯಿಯೂ ಹಾಗೇ ಕಾಣಬಹುದು. ಕಚ್ಚಿದರೆ, ಎಂಜಲು ಗಾಯಕ್ಕೆ ತಗುಲಿದರೆ ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಆ ಅಕ್ಕನ ಮನೆಗೆ ಈಗ ಇನ್ನೊಂದು ಮರಿ ಬಂದಿದೆ. ಮುಂದಿನ ಸೂಜಿಯ ತಾರೀಖನ್ನು ಅವರೇ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಡಿಸ್ಟೆಂಪರ್ ಸೂಜಿ ಎಲ್ಲ ಕಡೆ ಪುಕ್ಕಟೆ ಸಿಗುವುದಿಲ್ಲ. ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಂಡು, ದುಡ್ಡು ಹೊಂದಿಸಿಕೊಂಡು ಹೋಗಿ.